ಒಂದು ಉಪಚುನಾವಣೆಯ ಊರು: ಚಿಕ್ಕಮಗಳೂರು

ಪರಸ್ಥಳದಲ್ಲಿ ಮನೆಮಾಡಿದ ಕನ್ನಡಿಗರಿಗೆ “ನಿಮ್ಮ ಊರು ಯಾವುದು?” ಎಂಬ ಪ್ರಶ್ನೆ ಹೊಸದಲ್ಲ. ಬೆಂಗಳೂರಿನವರು, ಮೈಸೂರಿನವರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಪಾರಾಗುತ್ತಾರೆ. ಕಡೂರು, ಕೊಪ್ಪ, ಕಳಸ ಎಂದವರಿಗೆ ಅಷ್ಟು ಸುಲಭದಲ್ಲಿ ಬಿಡುಗಡೆಯಿಲ್ಲ. ಯಾವ ಜಿಲ್ಲೆ, ಯಾವ ರೈಲು, ಸಮುದ್ರದಿಂದ ಎಷ್ಟು ದೂರ ಎಂದು ಎಲ್ಲವನ್ನೂ ಹೇಳಿದ ಮೇಲೆ ಕೇಳಿದವರು “ಹಾಗಾದರೆ ಬೆಂಗಳೂರಿನ ಹತ್ತಿರ ಅನ್ನಿ” ಎಂದು ಮಾತು ಮುಗಿಸುತ್ತಾರೆ. ಆದರೆ 1978ರ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಚಿಕ್ಕಮಗಳೂರಿನ ಸೀಮೆಯವರಿಗೆ ಈ ತೊಂದರೆ ಇರಲಿಲ್ಲ. ಆಗ ದೆಹಲಿಯ ಪತ್ರಿಕೆಗಳೂ ಮುಂಬಯಿಯ ಪತ್ರಿಕೆಗಳೂ ದಿನಬೆಳಗಾದರೆ ಆ ಊರಿನ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚುಹಾಕುತ್ತಿದ್ದವು. ಹಿಂದಿಯವರು ಊರಿನ ಹೆಸರಿಗೇ ಪ್ರಾಸ ಕೂಡಿಸಿ ಘೋಷಣೆ ಕಟ್ಟಿದ್ದರು. ಒಂದು ಲೋಕಸಭಾ ಕ್ಷೇತ್ರದ ಒಂದು ಉಪಚುನಾವಣೆಯಿಂದ ಊರೊಂದಕ್ಕೆ ಇಷ್ಟು ಪ್ರಸಿದ್ಧಿ ಬಂದದ್ದು ನಮ್ಮ ನಾಡಿನಲ್ಲಿ ಅಪರೂಪ.

ಈಚೆಗೆ ಒಂದು ನವೆಂಬರಿನಲ್ಲಿ, ಪುಣೆಯಲ್ಲಿರುವ ನಾವು ನಮ್ಮ ಷಡ್ಡಕರ ಮನೆಗೆಂದು ಚಿಕ್ಕಮಗಳೂರಿಗೆ ಹೋಗಿ ಎಂಟು ದಿನ ಇದ್ದು ಬಂದೆವು. ಮುಳ್ಳಯ್ಯನಗಿರಿಯನ್ನು ಕಂಡೆವು, ಹೊರನಾಡಿನಲ್ಲಿ ಊಟ ಮಾಡಿದೆವು, ಕಾಫಿ ಪುಡಿ ಕಟ್ಟಿಸಿಕೊಂಡೆವು. ಇವನ್ನು ಎಲ್ಲ ಪ್ರವಾಸಿಗಳೂ ಮಾಡುತ್ತಾರೆ. ನಾವು ಇಲ್ಲಿ ಬರೆಯಹೊರಟದ್ದು ಆ ಉಪಚುನಾವಣೆಯ ಹಾದಿ ಹಿಡಿದು ನೋಡಿದ ಚಿಕ್ಕಮಗಳೂರನ್ನು ಕುರಿತು.

ಪುಣೆಯ ಕಡೆಯಿಂದ ಹೋಗುವವರಿಗೆ ಹುಬ್ಬಳ್ಳಿಯ ರೈಲುಮಾರ್ಗವೇ ಅನುಕೂಲ. ಕಡೂರಿನಲ್ಲಿ ಇಳಿದರೆ ಚಿಕ್ಕಮಗಳೂರು ಸುಮಾರು 40 ಕಿಲೋಮೀಟರು. 2013ರಲ್ಲಿ ಕಡೂರಿನಿಂದ ಊರೊಳಗೇ ರೈಲು ಬಂದಿದೆಯಾದರೂ ನಾವು ಬಸ್ಸನ್ನೇ ಹಿಡಿದೆವು. ನೆಲ ನೋಡಬೇಕಾದರೆ ಬಸ್ಸೇ ಮೇಲು. ಕಡೂರಿನ ಸುತ್ತ ಬಯಲುಸೀಮೆ: ತೆಂಗಿನ ತೋಟ, ರಾಗಿ ಹೊಲ, ಆಕಾಶ ನೋಡುವ ಕೆರೆಗಳು. ಸಖರಾಯಪಟ್ಟಣ ದಾಟುತ್ತಿದ್ದಂತೆ ಎದುರಿಗೆ ಬೆಟ್ಟದ ಸಾಲು ನೀಲಿಯಾಗಿ ಏಳುತ್ತದೆ. ಗಾಳಿ ತಣ್ಣಗಾಗುತ್ತದೆ. ಚಿಕ್ಕಮಗಳೂರಿನಿಂದ ಪಶ್ಚಿಮಕ್ಕೆ ಹೊರಟರೆ ಆಲ್ದೂರು, ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ. ನೈಋತ್ಯಕ್ಕೆ ಮೂಡಿಗೆರೆ, ಚಾರ್ಮಾಡಿ ಘಟ್ಟ. ಒಂದೇ ಜಿಲ್ಲೆಯಲ್ಲಿ ಮಳೆಗಾಗಿ ಹರಕೆ ಹೊರುವವರೂ ಇದ್ದಾರೆ, ಮಳೆ ನಿಂತರೆ ಸಾಕೆನ್ನುವವರೂ ಇದ್ದಾರೆ.

1978ರ ಲೋಕಸಭಾ ಕ್ಷೇತ್ರ ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಘಟ್ಟದ ಕೆಳಗಿನ ಕಾರ್ಕಳ, ಬೆಳ್ತಂಗಡಿಗಳೂ ಅದಕ್ಕೆ ಸೇರಿದ್ದವು. ರಾಗಿಮುದ್ದೆಯವರು, ಅಕ್ಕಿರೊಟ್ಟಿಯವರು, ಕುಚ್ಚಲಕ್ಕಿ ಗಂಜಿಯವರು, ಮನೆಯಲ್ಲಿ ತುಳುವಾಡುವವರು, ತೋಟದ ಲೈನಿನಲ್ಲಿ ತಮಿಳಾಡುವವರು, ಎಲ್ಲರೂ ಸೇರಿ ಒಬ್ಬ ಸದಸ್ಯನನ್ನು ದೆಹಲಿಗೆ ಕಳಿಸಬೇಕು. ಬಸ್ಸಿನ ಕಿಟಕಿಯಿಂದ ಆ ನೆಲವನ್ನು ಕಂಡಾಗಲೇ, ಇಂಥ ಕ್ಷೇತ್ರದಲ್ಲಿ ಓಟು ಕೇಳುವುದು ಎಷ್ಟು ಕಷ್ಟದ ಕೆಲಸವೆಂಬುದು ನಮಗೆ ಮನವರಿಕೆಯಾಯಿತು.

ಈಗ ಆ ಚುನಾವಣೆ ಬಂದ ಬಗೆಯನ್ನು ಚಿಕ್ಕವರಿಗಾಗಿ ಸ್ವಲ್ಪ ಹೇಳಬೇಕು. ತುರ್ತುಪರಿಸ್ಥಿತಿಯ ತರುವಾಯ 1977ರ ಮಾರ್ಚಿಯಲ್ಲಿ ನಡೆದ ಮಹಾಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಉತ್ತರಪ್ರದೇಶದ ರಾಯಬರೇಲಿಯಲ್ಲಿ ರಾಜನಾರಾಯಣರಿಂದ ಸೋತರು. ಉತ್ತರ ಭಾರತದಲ್ಲೆಲ್ಲ ಅವರ ಪಕ್ಷ ನೆಲಕಚ್ಚಿತು. ಕರ್ನಾಟಕದಲ್ಲಿ ಮಾತ್ರ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. 1978ರ ಆರಂಭದಲ್ಲಿ ಪಕ್ಷ ಒಡೆದು ಇಂದಿರಾ ಕಾಂಗ್ರೆಸ್ ಬೇರೆಯಾಯಿತು. ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಅದು ಇಲ್ಲಿ ಬಹುಮತದಿಂದ ಗೆದ್ದು ದೇವರಾಜ ಅರಸರು ಮತ್ತೆ ಮುಖ್ಯಮಂತ್ರಿಗಳಾದರು. ಸೋತ ನಾಯಕಿಗೆ ಲೋಕಸಭೆಗೆ ಮರಳಲು ಒಂದು ಬಾಗಿಲು ಬೇಕಾಗಿತ್ತು. ಆ ಬಾಗಿಲು ಚಿಕ್ಕಮಗಳೂರಾಯಿತು. 1971ರಿಂದ ಇಲ್ಲಿನ ಸದಸ್ಯರಾಗಿದ್ದ ಡಿ. ಬಿ. ಚಂದ್ರೇಗೌಡರು, ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು, ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಎದುರಾಳಿಗಳಾಗಿ ಜನತಾ ಪಕ್ಷ ನಿಲ್ಲಿಸಿದ್ದು ವೀರೇಂದ್ರ ಪಾಟೀಲರನ್ನು. 1968ರಿಂದ 1971ರವರೆಗೆ ಮುಖ್ಯಮಂತ್ರಿಗಳಾಗಿದ್ದವರು. ಮತದಾನ ನಡೆದದ್ದು 1978ರ ನವೆಂಬರ್ 5ರಂದು, ರಾಜ್ಯೋತ್ಸವ ಕಳೆದು ನಾಲ್ಕೇ ದಿನಕ್ಕೆ.

ನಮ್ಮ ಷಡ್ಡಕರ ನೆರೆಮನೆಯಲ್ಲಿ ವೃದ್ಧ ದಂಪತಿಗಳಿದ್ದಾರೆ. ಯಜಮಾನರು ಆಲ್ದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದು ನಿವೃತ್ತರಾದವರು. ಒಂದು ಸಂಜೆ ಅವರ ಜಗಲಿಯಲ್ಲಿ ಕುಳಿತು ಆ ದಿನಗಳ ಮಾತು ತೆಗೆಸಿದೆವು.

“ಹಣ್ಣು ಕೆಂಪಾಗ್ತಾ ಇದ್ದ ಹೊತ್ತು ನೋಡಿ,” ಎಂದರು ಅವರು. “ಅರೇಬಿಕ ಕೊಯ್ಲಿಗೆ ಆಳು ಹೊಂದಿಸೋದೋ, ಭಾಷಣಕ್ಕೆ ಜನ ಹೊಂದಿಸೋದೋ? ದಿನಾ ಸಂಜೆ ಯಾರಾದ್ರೂ ಒಬ್ಬರು ದೊಡ್ಡವರ ಭಾಷಣ. ಜೀಪಿನ ಮೇಲೆ ಜೀಪು. ಈ ರಸ್ತೇಲಿ ಅಷ್ಟು ಧೂಳು ಅದಕ್ಕೆ ಮೊದಲೂ ಏಳಲಿಲ್ಲ, ಆಮೇಲೂ ಏಳಲಿಲ್ಲ.”

ಅವರ ಹೆಂಡತಿ ಒಳಗಿನಿಂದ ಕಾಫಿ ತಂದಿಟ್ಟು ಮಾತಿಗೆ ಸೇರಿದರು. “ಲೈನಿನ ಹೆಂಗಸರು ಎಲೆಯಡಿಕೆ ಕಟ್ಟಿಕೊಂಡು ಮೂರು ಮೈಲಿ ನಡೆದು ಹೋಗಿ ನೋಡಿ ಬಂದ್ರು. ಆಯಮ್ಮ ಏನು ಹೇಳಿದ್ರು ಅಂತ ಕೇಳಿದ್ರೆ ಒಬ್ಬರಿಗೂ ಗೊತ್ತಿಲ್ಲ. ಸೀರೆ ಸೆರಗು ತಲೆ ಮೇಲೆ ಹೊದ್ದಿದ್ರು, ಕೈ ಮುಗಿದ್ರು, ಅಷ್ಟೇ. ಆದ್ರೂ ತಮ್ಮ ಮನೆ ಬಾಗಿಲಿಗೆ ಬಂದು ಕೇಳಿದ್ರಲ್ಲ ಅನ್ನೋದು ಅವರಿಗೆ ದೊಡ್ಡದು.”

“ನೀವು ಯಾರಿಗೆ ಹಾಕಿದಿರಿ?” ಎಂದು ನಮ್ಮವರಲ್ಲಿ ಯಾರೋ ಕೇಳಿಬಿಟ್ಟರು. ಆಕೆ ನಕ್ಕು, “ಇವರಿಗೇ ಇವತ್ತಿನವರೆಗೆ ಹೇಳಿಲ್ಲ. ನಿಮಗೆ ಹೇಳ್ತೀನಾ?” ಎಂದರು. ಯಜಮಾನರು ಲೋಟ ಕೆಳಗಿಟ್ಟು, “ನಾನೂ ಹೇಳಿಲ್ಲ,” ಎಂದರು. ಗುಪ್ತಮತದಾನದ ಮೇಲೆ ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇವೆ. ಇಷ್ಟು ಚೆನ್ನಾಗಿ ಅದರ ಮರ್ಮವನ್ನು ತಿಳಿಸಿದವರನ್ನು ಕಂಡಿರಲಿಲ್ಲ.

ಪ್ರಚಾರಕ್ಕೆ ಎರಡೂ ಕಡೆ ದೊಡ್ಡ ದೊಡ್ಡವರೇ ಬಂದರು. ಆಗ ಕೇಂದ್ರದಲ್ಲಿ ಸಚಿವರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಪಾಟೀಲರ ಪರವಾಗಿ ಓಡಾಡಿದರು. ಇಂದಿರಾ ಗಾಂಧಿಯವರ ಪರವಾಗಿ ಹೊಣೆ ಹೊತ್ತವರು ಅರಸರು. ಹಸ್ತದ ಗುರುತು ಆಗ ಇನ್ನೂ ಹೊಸದು. ಇನ್ನೊಂದು ಕಡೆ ಚಕ್ರದೊಳಗೆ ನೇಗಿಲು ಹೊತ್ತ ರೈತ. ಮಾತುಗಳಲ್ಲಿ ತುರ್ತುಪರಿಸ್ಥಿತಿಯ ನೆನಪೂ ಇತ್ತು, ಭೂಸುಧಾರಣೆಯ ನೆನಪೂ ಇತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಉಳುವ ಗೇಣಿದಾರರಿಗೆ ಹೊಲಗದ್ದೆ ಸಿಕ್ಕಿತ್ತು. ಘಟ್ಟದ ಕೆಳಗೆ ಅದರ ಫಲ ಕಣ್ಣಿಗೆ ಕಾಣುವಂತಿತ್ತು. ಕಾಫಿ ತೋಟಗಳಿಗೆ ಮಾತ್ರ ಭೂಮಿತಿಯಿಂದ ವಿನಾಯಿತಿ. ಆದ್ದರಿಂದ ಒಂದೇ ಕಾನೂನನ್ನು ಗದ್ದೆಯವರು ಒಂದು ರೀತಿ ನೋಡಿದರು, ಲೈನಿನವರು ಇನ್ನೊಂದು ರೀತಿ, ಸಾಹುಕಾರರು ಮತ್ತೊಂದು ರೀತಿ. ದೆಹಲಿಯ ಪತ್ರಿಕೆಗಳಿಗೆ ಇದು ಇಬ್ಬರು ನಾಯಕರ ಕಾಳಗ. ಊರಿನವರಿಗೆ ಅದರೊಳಗೆ ತಮ್ಮ ಗದ್ದೆ, ತಮ್ಮ ಕೂಲಿ, ತಮ್ಮ ರಸ್ತೆಗಳೂ ಇದ್ದವು.

“ಹೊರಗಿನವರು” ಎಂಬ ಮಾತು ಆ ಚುನಾವಣೆಯಲ್ಲಿ ಎದ್ದೇ ಏಳಬೇಕಾಗಿತ್ತು. ಅಲಹಾಬಾದಿನಲ್ಲಿ ಹುಟ್ಟಿದವರು ಕಾಫಿಸೀಮೆಗೆ ಬಂದು ಓಟು ಕೇಳುವುದೆಂದರೇನು? ಆದರೆ ಸ್ವಲ್ಪ ಯೋಚಿಸಿದರೆ ಪಾಟೀಲರೂ ಈ ಜಿಲ್ಲೆಯವರಲ್ಲ. ಅವರು ಕಲಬುರಗಿ ಜಿಲ್ಲೆಯ ಚಿಂಚೋಳಿಯವರು. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ನೆಲದವರು. ಚಿಂಚೋಳಿಯ ಜೋಳದ ಹೊಲಕ್ಕೂ ಮೂಡಿಗೆರೆಯ ಏಲಕ್ಕಿ ಕಾಡಿಗೂ ಏನು ಹೋಲಿಕೆ? ಅವರ ಭಾಷೆ ಕನ್ನಡ, ಅದು ದೊಡ್ಡ ನಂಟು, ನಿಜ. ಆದರೂ ಪ್ರಮುಖರಿಬ್ಬರೂ ಕ್ಷೇತ್ರಕ್ಕೆ ನಂಟರೇ ಹೊರತು ಮನೆಯವರಲ್ಲ. ಮತ ಎಣಿಸಿದಾಗ ಇಂದಿರಾ ಗಾಂಧಿಯವರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಊರನ್ನು ತಿರುಗುತ್ತಿದ್ದಾಗ, ಹೊರಗಿನಿಂದ ಬಂದದ್ದನ್ನು ತನ್ನದಾಗಿ ಮಾಡಿಕೊಳ್ಳುವುದು ಈ ಸೀಮೆಗೆ ಹೊಸ ವಿದ್ಯೆಯಲ್ಲವೆಂದು ನಮಗೆ ತೋರಿತು. ಕಾಫಿಯೇ ಹೊರಗಿನದು. ಬಾಬಾ ಬುಡನ್ ಎಂಬ ಸಂತರು 17ನೆಯ ಶತಮಾನದಲ್ಲಿ ಯೆಮನ್ನಿನ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಊರಿದರೆಂದು ಪ್ರತೀತಿ. ಈಗ ಭಾರತದ ಕಾಫಿಯಲ್ಲಿ ಮುಕ್ಕಾಲಿಗೆ ಹತ್ತಿರದ ಪಾಲು ಕರ್ನಾಟಕದ್ದು. ಅದಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಮರ ಆಸ್ಟ್ರೇಲಿಯದಿಂದ ಬಂದದ್ದು. ಮೂಡಿಗೆರೆಯಲ್ಲಿ ತೋಟ ಮಾಡಿ ಆ ಕಾಡನ್ನೇ ಬರೆದ ಪೂರ್ಣಚಂದ್ರ ತೇಜಸ್ವಿಯವರೂ ಆ ತಾಲ್ಲೂಕಿನಲ್ಲಿ ಹುಟ್ಟಿದವರಲ್ಲ. ಇನ್ನು ಊರಿನ ಹೆಸರೋ? ಸಖರಾಯಪಟ್ಟಣದ ದೊರೆ ರುಕ್ಮಾಂಗದನು ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟದ್ದು ಚಿಕ್ಕಮಗಳೂರು, ಹಿರಿಯಳಿಗೆ ಕೊಟ್ಟದ್ದು ಹಿರೇಮಗಳೂರು ಎನ್ನುತ್ತದೆ ಐತಿಹ್ಯ. ಅಕ್ಕನ ಊರು ಈಗ ತಂಗಿಯ ಊರಿನೊಳಗೇ ಸೇರಿಹೋಗಿದೆ. ಅಲ್ಲಿನ ಕೋದಂಡರಾಮನ ಗುಡಿಯಲ್ಲಿ ಪೂಜೆ ನಡೆಯುವುದು ಕನ್ನಡದಲ್ಲಿ. ಗರ್ಭಗುಡಿಯಿಂದ ತಾಯ್ನುಡಿ ಕೇಳಿಬಂದಾಗ, ವರ್ಷಪೂರ್ತಿ ಮರಾಠಿ ಹಿಂದಿಗಳ ನಡುವೆ ಇರುವ ನಮಗೆ ಆದ ಸಂತೋಷವನ್ನು ಇಲ್ಲಿ ವಿವರಿಸಬೇಕಾಗಿಲ್ಲ, ವಾಚಕರು ಬಲ್ಲರು.

ಆದರೆ ಗೆಲುವಿನ ಕಥೆ ಗೆಲುವಿನಲ್ಲೇ ನಿಲ್ಲಲಿಲ್ಲ. ಮತದಾನವಾಗಿ ಇನ್ನೂ ಏಳು ವಾರ ತುಂಬಿರಲಿಲ್ಲ. ಡಿಸೆಂಬರ್ 19ರಂದು ಲೋಕಸಭೆ ಇಂದಿರಾ ಗಾಂಧಿಯವರನ್ನು ಸದನದಿಂದ ಉಚ್ಚಾಟಿಸಿತು. ಹಿಂದೆ ಪ್ರಧಾನಿಯಾಗಿದ್ದಾಗ, ಮಾರುತಿ ಕಾರ್ಖಾನೆಯ ವಿಷಯದಲ್ಲಿ ಲೋಕಸಭೆಗೆ ಉತ್ತರ ಕೊಡಲು ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಮಾಡಿದರೆಂಬುದು ಅವರ ಮೇಲಿನ ಆಪಾದನೆ. ಅಧಿವೇಶನ ಮುಗಿಯುವವರೆಗೆ ಅವರನ್ನು ತಿಹಾರ್ ಜೈಲಿನಲ್ಲಿ ಇರಿಸಿದರು. 1980ರ ಜನವರಿಯ ಮಹಾಚುನಾವಣೆಯಲ್ಲಿ ಅವರು ಚಿಕ್ಕಮಗಳೂರಿಗೆ ಬರಲಿಲ್ಲ. ರಾಯಬರೇಲಿ ಮತ್ತು ಆಂಧ್ರದ ಮೇದಕಿನಲ್ಲಿ ನಿಂತು ಎರಡರಲ್ಲೂ ಗೆದ್ದು ಮತ್ತೆ ಪ್ರಧಾನಿಯಾದರು. ಉಚ್ಚಾಟನೆಯ ನಿರ್ಣಯವನ್ನು 1981ರಲ್ಲಿ ಹೊಸ ಲೋಕಸಭೆ ರದ್ದುಮಾಡಿತು. ಅರಸರು ಅಷ್ಟರೊಳಗೆ ಅವರಿಂದ ದೂರವಾಗಿದ್ದರು. ಸೋತ ವೀರೇಂದ್ರ ಪಾಟೀಲರು ಅವರ ಪಕ್ಷಕ್ಕೇ ಸೇರಿ 1980ರಲ್ಲಿ ಅವರ ಸಂಪುಟದಲ್ಲೇ ಸಚಿವರಾದರು. 1989ರಲ್ಲಿ ಮತ್ತೆ ಮುಖ್ಯಮಂತ್ರಿಗಳೂ ಆದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ಮುಂದೆ ವಿಧಾನಸಭೆಯ ಅಧ್ಯಕ್ಷರಾದರು. 2009ರಲ್ಲಿ ಬೇರೊಂದು ಪಕ್ಷದಿಂದ ಬೆಂಗಳೂರು ಉತ್ತರವನ್ನು ಗೆದ್ದು ಲೋಕಸಭೆಗೂ ಮರಳಿದರು. 2023ರಲ್ಲಿ, ಆ ಉಪಚುನಾವಣೆಗೆ 45 ವರ್ಷ ತುಂಬಿದ ವಾರದಲ್ಲೇ, ಅವರು ತೀರಿಕೊಂಡರು. ರಾಜಕೀಯದಲ್ಲಿ ಎದುರಾಳಿ ಎಂಬುದು ಎಷ್ಟು ದಿನದ ಮಾತು ಎಂಬುದಕ್ಕೆ ಈ ನಾಲ್ವರ ಕಥೆಗಿಂತ ಬೇರೆ ನಿದರ್ಶನ ಬೇಡ.

ಊರಿಗೆ ಉಳಿದದ್ದೇನು? ಐ. ಜಿ. ರಸ್ತೆ ಎಂಬ ಒಂದು ದೊಡ್ಡ ಬೀದಿ ಉಳಿದಿದೆ. ಅಂಗಡಿಯ ಹಲಗೆಗಳಲ್ಲಿ ಎರಡೇ ಅಕ್ಷರ; ಅವು ಇಂದಿರಾ ಗಾಂಧಿಯವರ ಹೆಸರಿನ ಮೊದಲಕ್ಷರಗಳೆಂಬುದನ್ನು ನಮ್ಮ ಜತೆಗಿದ್ದ ಹುಡುಗರಿಗೆ ಹೇಳಿಕೊಡಬೇಕಾಯಿತು. 1999ರಲ್ಲಿ ಬಳ್ಳಾರಿಗೂ ಇಂಥದೇ ಅನುಭವವಾಯಿತು. ಸೋನಿಯಾ ಗಾಂಧಿಯವರು ಅಲ್ಲಿ ಸುಷ್ಮಾ ಸ್ವರಾಜರನ್ನು ಸೋಲಿಸಿ, ಅಮೇಠಿಯಲ್ಲೂ ಗೆದ್ದು, ಅಮೇಠಿಯನ್ನೇ ಉಳಿಸಿಕೊಂಡರು. ಬಳ್ಳಾರಿಯವರು ಮತ್ತೊಮ್ಮೆ ಓಟು ಹಾಕಬೇಕಾಯಿತು. ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಆದರೆ ದೊಡ್ಡ ಅತಿಥಿ ಬಂದ ಮನೆಯಲ್ಲಿ, ಅತಿಥಿ ಹೋದ ಮೇಲೆ ಪಾತ್ರೆ ತೊಳೆಯುವವರು ಮನೆಯವರೇ ಎಂಬ ಮಾತನ್ನು ಮರೆಯಲಾಗದು. ಚಿಕ್ಕಮಗಳೂರಿನ ಕ್ಷೇತ್ರವೂ ಈಗ ಹಿಂದಿನ ರೂಪದಲ್ಲಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ಅದು ಉಡುಪಿಯೊಡನೆ ಸೇರಿತು. ಅಲ್ಲಿ ಗೆದ್ದ ಸದಾನಂದ ಗೌಡರು ಮುಖ್ಯಮಂತ್ರಿಗಳಾದಾಗ 2012ರ ಮಾರ್ಚಿಯಲ್ಲಿ ಇನ್ನೊಂದು ಉಪಚುನಾವಣೆಯೂ ನಡೆದು ಜಯಪ್ರಕಾಶ ಹೆಗ್ಡೆಯವರು ಗೆದ್ದರು. ಅದಕ್ಕೆ ದೆಹಲಿಯಲ್ಲಿ ಯಾರೂ ಪ್ರಾಸ ಕಟ್ಟಲಿಲ್ಲ.

ನಮ್ಮ ಷಡ್ಡಕರ ಮಗಳಿಗೆ ಈಗ ಹತ್ತೊಂಬತ್ತು ವರ್ಷ. 1978ರಲ್ಲಿ ಮತದಾನಕ್ಕೆ ಇಪ್ಪತ್ತೊಂದು ತುಂಬಬೇಕಾಗಿತ್ತು. 1989ರ ತಿದ್ದುಪಡಿಯಿಂದ ಹದಿನೆಂಟಕ್ಕೆ ಇಳಿಯಿತು. ಕೈಗೆ ಹೊಸದಾಗಿ ಬಂದ ಗುರುತಿನ ಚೀಟಿಯನ್ನು ತೋರಿಸುತ್ತ ಆ ಹುಡುಗಿ ಕೇಳಿದಳು: “ದೊಡ್ಡಪ್ಪ, ಇಲ್ಲಿ ನಿಮ್ಮದೂ ಒಂದು ಮನೆ ಇದೆಯಲ್ಲ? ನಿಮ್ಮ ಓಟನ್ನೂ ಇಲ್ಲೇ ಇಟ್ಟುಕೊಳ್ಳಬಾರದಾ?”

ನಮ್ಮ ವಾಚಕರಲ್ಲಿ ಅನೇಕರ ಮನಸ್ಸಿನಲ್ಲಿ ಈ ಪ್ರಶ್ನೆ ಇರಬಹುದು. ಇದಕ್ಕೆ ಕಾನೂನು ಕೊಡುವ ಉತ್ತರ ಸ್ಪಷ್ಟವಾಗಿದೆ. ಲೋಕಸಭೆಗೆ ಉಮೇದುವಾರನಾಗಿ ನಿಲ್ಲುವವನು ದೇಶದ ಯಾವುದಾದರೊಂದು ಕ್ಷೇತ್ರದಲ್ಲಿ ಮತದಾರನಾಗಿದ್ದರೆ ಸಾಕು. ಬೇರೆ ರಾಜ್ಯದಲ್ಲೂ ನಿಲ್ಲಬಹುದು. ವಿಧಾನಸಭೆಗಾದರೆ ಆ ರಾಜ್ಯದ ಮತದಾರನಾಗಿರಬೇಕು. ಆದರೆ ಓಟು ಹಾಕುವವನು ತಾನು ಸಾಮಾನ್ಯವಾಗಿ ವಾಸಿಸುವ ಸ್ಥಳದ ಪಟ್ಟಿಯಲ್ಲಿ ಮಾತ್ರ ಇರಬೇಕು. 1950ರ ಜನಪ್ರತಿನಿಧಿ ಕಾಯಿದೆ ಇನ್ನೂ ಬಿಡಿಸಿ ಹೇಳುತ್ತದೆ: ಒಂದು ಊರಿನಲ್ಲಿ ಮನೆಯ ಒಡೆತನ ಇದ್ದ ಮಾತ್ರಕ್ಕೆ ಅಲ್ಲಿನ ನಿವಾಸಿಯಾಗುವುದಿಲ್ಲ, ಎರಡು ಕ್ಷೇತ್ರಗಳ ಪಟ್ಟಿಯಲ್ಲಿ ಹೆಸರಿರಲೂ ಕೂಡದು. ಅಂದರೆ ದೆಹಲಿಯ ನಾಯಕರು ಚಿಕ್ಕಮಗಳೂರನ್ನು ಪ್ರತಿನಿಧಿಸಬಹುದು. ಪುಣೆಯಲ್ಲಿರುವ ಚಿಕ್ಕಮಗಳೂರಿನವನು ಅವರಿಗೆ ಓಟು ಹಾಕಲಾರ! ಇನ್ನೂ ಒಂದು ಸೋಜಿಗವಿದೆ. 2010ರ ತಿದ್ದುಪಡಿಯ ನಂತರ, ದುಬೈಯಲ್ಲಿ ದುಡಿಯುವ ಭಾರತೀಯ ಪ್ರಜೆ ತನ್ನ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಸೇರಿ, ಮತದಾನದ ದಿನ ಖುದ್ದಾಗಿ ಬಂದು ಓಟು ಹಾಕಬಹುದು. ಮುಂಬಯಿ, ಚೆನ್ನೈಯಲ್ಲಿರುವವರಿಗೆ ಆ ಅನುಕೂಲವಿಲ್ಲ. ಒಳನಾಡಿನ ವಲಸೆಗಾರರು ಇದ್ದಲ್ಲಿಂದಲೇ ಊರಿನ ಓಟು ಹಾಕುವಂಥ ಯಂತ್ರವೊಂದರ ಮಾದರಿಯನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ಪಕ್ಷಗಳಲ್ಲಿ ಒಮ್ಮತ ಮೂಡಲಿಲ್ಲ.

ಇದು ಅನ್ಯಾಯವೇ? ಹುಡುಗಿಗೆ ಉತ್ತರ ಹೇಳುವ ಮೊದಲು ನಾವು ರೈಟರ ಜಗಲಿಯ ಮಾತನ್ನು ನೆನೆದೆವು. ಆ ದಂಪತಿಗಳು ಓಟು ಹಾಕಿದ್ದು ತಾವು ದಿನವೂ ನಡೆಯುವ ರಸ್ತೆಗಾಗಿ, ತಮ್ಮ ಮಕ್ಕಳು ಹೋಗುವ ಶಾಲೆಗಾಗಿ. ಯಾರೇ ಗೆದ್ದರೂ ಅದರ ಒಳಿತು ಕೆಡುಕುಗಳನ್ನು ಉಣ್ಣುವವರು ಅವರು. ವರ್ಷಕ್ಕೊಮ್ಮೆ ಬಂದು ಎಂಟು ದಿನ ಇದ್ದು ಕಾಫಿ ಪುಡಿ ಕಟ್ಟಿಸಿಕೊಂಡು ಹೋಗುವ ನಾವು ಅವರ ಬದಲಿಗೆ ತೀರ್ಮಾನ ಮಾಡುವುದು ಎಷ್ಟು ಸರಿ? ಊರಿನ ಮೇಲಿನ ಪ್ರೀತಿ ಬೇರೆ, ಊರಿನ ಹೊಣೆ ಬೇರೆ. ಪ್ರೀತಿಯನ್ನು ಎಷ್ಟು ದೂರಕ್ಕಾದರೂ ಒಯ್ಯಬಹುದು. ಹೊಣೆ ಮಾತ್ರ ಒಲೆ ಉರಿಯುವಲ್ಲಿಯೇ ಇರುತ್ತದೆ.

“ನಮ್ಮ ಓಟು ಪುಣೆಯಲ್ಲೇ ಇರಲಿ ಕಣಮ್ಮ,” ಎಂದೆವು. “ಅಲ್ಲಿನ ನಲ್ಲಿಯ ನೀರು ಕುಡಿಯುವವರು ನಾವು. ಇಲ್ಲಿಯದನ್ನು ನೀನು ನೋಡಿಕೋ.”

ಪರಸ್ಥಳದ ಕನ್ನಡಿಗರಲ್ಲಿ ಒಂದು ಮನೋಭಾವ ಬೆಳೆದಿದೆ. “ಇದು ನಮ್ಮ ಊರಲ್ಲ, ಇಲ್ಲಿಯ ಚುನಾವಣೆ ನಮಗೇಕೆ?” ಎಂದು ಮತದಾನದ ರಜೆಯಲ್ಲಿ ಮನೆಯಲ್ಲಿ ಮಲಗುವವರನ್ನು ನಾವು ಬಲ್ಲೆವು. ಅವರ ಹೆಸರು ಊರಿನ ಪಟ್ಟಿಯಿಂದ ಹೋಗಿದೆ, ಇಲ್ಲಿನ ಪಟ್ಟಿಗೆ ಬಂದಿಲ್ಲ. ಎರಡೂ ಕಡೆ ಇಲ್ಲದವರಾಗಿ ವರ್ಷಗಳು ಕಳೆಯುತ್ತವೆ. ಅವರ ಬೀದಿಯ ದೀಪದ ಬಗ್ಗೆ, ಮಕ್ಕಳ ಶಾಲೆಯ ಬಗ್ಗೆ ಇನ್ನಾರೋ ತೀರ್ಮಾನಿಸುತ್ತಾರೆ. ಏಳು ಬೀಜ ಬೆಟ್ಟದಲ್ಲಿ ಬೇರುಬಿಟ್ಟ ಮೇಲೆ ಅವನ್ನು ಯಾರೂ ಹೊರಗಿನವೆನ್ನಲಿಲ್ಲ. ನಾವೂ ನೆಟ್ಟ ನೆಲದಲ್ಲಿ ಬೇರುಬಿಟ್ಟರೆ ಕನ್ನಡಕ್ಕೇನೂ ಕೊರತೆಯಾಗದು. ಮನೆಯ ಮಾತು ಕನ್ನಡವಿರಲಿ, ವಾಸದ ಊರಿನ ಪಟ್ಟಿಯಲ್ಲಿ ಹೆಸರಿರಲಿ. ಇವೆರಡೂ ಒಂದಕ್ಕೊಂದು ಅಡ್ಡಿಯಲ್ಲ.

ಹಾಗೆ ನೋಡಿದರೆ ಯಾವ ಊರಿನಲ್ಲಿ ಓಟು ಹಾಕಿದರೂ ಕನ್ನಡನಾಡು ನಮ್ಮ ಕೈಬಿಡುವುದಿಲ್ಲ. ದೆಹಲಿಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲಿ. 1937ರಲ್ಲಿ ಸ್ಥಾಪನೆಯಾದ ಅಲ್ಲಿನ ಬಣ್ಣ ಮತ್ತು ಅರಗಿನ ಕಾರ್ಖಾನೆ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಅದನ್ನು ಒದಗಿಸುತ್ತ ಬಂದಿದೆ. ಮುಂದಿನ ಚುನಾವಣೆಯ ಹೊತ್ತಿಗೆ ನಮ್ಮ ಸಂಘದ ಪ್ರತಿಯೊಂದು ಮನೆಯಲ್ಲಿಯೂ ಹದಿನೆಂಟು ದಾಟಿದವರೆಲ್ಲರ ಎಡಗೈಯ ಬೆರಳಿಗೆ ಆ ಮೈಸೂರಿನ ಗೆರೆ ಬೀಳಲೆಂದು ಹಾರೈಸುತ್ತೇವೆ.